ಕಾಡಿನಂಚಿಗೆ ಎಳೆದ ಗೆರೆ

ನಕ್ಷೆ ಮೂರನೇ ಸಲವೂ ವಾಪಸ್ ಬಂದಾಗ ಸಂಪಾದಕಿ ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ದಿಗಿಲಾಗುತ್ತಿರಲಿಲ್ಲ. ಮೈಸೂರಿನಿಂದ ಫೋನ್ ಮಾಡಿ, ಊರು ಮುದ್ದಾಗಿದೆ, ಮನೆಗಳ ಹೆಂಚು ಚೆನ್ನಾಗಿ ಬಂದಿದೆ, ಆದರೆ ಒಟ್ಟಾರೆ ನೋಡಿದರೆ ಲಗ್ನಪತ್ರಿಕೆಯ ಹಿಂದೆ ಛತ್ರಕ್ಕೆ ದಾರಿ ತೋರಿಸುವ ಚಿತ್ರದ ಹಾಗಿದೆ ಎಂದು ತಣ್ಣಗೆ ಹೇಳಿದರು. ಆಮೇಲೆ, "ಈ ಊರಿನ ಮಕ್ಕಳು ಕಾಡಿಗೆ ಹೆದರ್ತಾರೆ. ನಿಮ್ಮ ಕಾಡಿಗೆ ಯಾರೂ ಹೆದರಲ್ಲ" ಎಂದರು. ಇನ್ನೊಂದು ಸಲ ನೋಡಿ, ಆಗದಿದ್ದರೆ ಸಂಕೋಚವಿಲ್ಲದೆ ಹೇಳಿ, ಬೇರೆಯವರನ್ನು ಹುಡುಕುತ್ತೇವೆ ಎಂದು ಮಾತು ಮುಗಿಸಿದರು.

ಅದೊಂದು ಮಕ್ಕಳ ಕಾದಂಬರಿ, ಎಲ್ಲೂ ಇಲ್ಲದ ಊರೊಂದರ ಕಥೆ. ಆ ಊರಿನ ಪಕ್ಕದ ಕಾಡು ಅಮಾವಾಸ್ಯೆಗೊಂದು ಹೆಜ್ಜೆ ಊರ ಕಡೆಗೆ ಬರುತ್ತದೆ. ಪುಸ್ತಕ ತೆರೆದ ಕೂಡಲೇ ಎರಡು ಪುಟ ತುಂಬ ಊರಿನ ನಕ್ಷೆ ಇರಬೇಕು. ಬಾವಿ, ಗಾಣ, ಶಾಲೆ, ಮನೆಗಳು, ಮನೆಗಳಿಂದ ಕಾಡಿನಂಚನ್ನೇ ಹಿಡಿದು ಶಾಲೆಗೆ ಹೋಗುವ ಕಾಲುದಾರಿ. ಎಲ್ಲವನ್ನೂ ಕೈಯಲ್ಲೇ, ಮಸಿಯಲ್ಲೇ ಬರೆಯಬೇಕೆನ್ನುವುದು ಕಥೆ ಬರೆದವರ ಹಟ.

ಹುಣಸೂರಿನಲ್ಲಿ ಅಬ್ಬಾನ ಫರ್ನಿಚರ್ ಅಂಗಡಿಯ ಹಿಂದೆಯೇ ನಮ್ಮ ಮನೆ. ಮೂರೂ ಹಾಳೆಗಳನ್ನು ನಡುಮನೆಯಲ್ಲಿ ಹಾಸಿ ಕುರ್ಚಿಯ ಮೇಲೆ ನಿಂತು ನೋಡಿದೆ. ಎತ್ತರದಿಂದ ನೋಡಿದರೆ ತಪ್ಪು ಬೇಗ ಕಾಣುತ್ತದೆ. ಎಲ್ಲ ಗೆರೆಗಳೂ ಒಂದೇ ದಪ್ಪ. ಮನೆಯ ಸೂರಿಗೂ, ದೂರದ ಬೆಟ್ಟಕ್ಕೂ, ಹೊಲದ ಬದುವಿಗೂ ಒಂದೇ ನಿಬ್ಬು, ಒಂದೇ ಒತ್ತಡ. ತಪ್ಪಬಾರದೆಂದು ಹೆದರಿ ಪೆನ್ನನ್ನು ಬಿಗಿಯಾಗಿ ಹಿಡಿದು ಮಣಿಕಟ್ಟಿನಿಂದ ಚೂರುಚೂರೇ ಎಳೆದದ್ದರಿಂದ ಗೆರೆಗಳಿಗೆ ಕೂದಲು ಹುಟ್ಟಿದಂತಿತ್ತು. ನೆರಳಿನ ಕಥೆ ಇನ್ನೂ ಕೆಟ್ಟದ್ದು. ಒಂದು ಮನೆಯ ನೆರಳು ಎಡಕ್ಕೆ, ಪಕ್ಕದ ಮನೆಯದು ಬಲಕ್ಕೆ. ಕಾಡು ಭಯಂಕರವಾಗಿ ಕಾಣಲೆಂದು ಅಡ್ಡಗೆರೆಯ ಮೇಲೆ ಅಡ್ಡಗೆರೆ ಹಾಕುತ್ತ ಹೋಗಿ, ಕಾಗದದ ಎಳೆ ಎದ್ದು ಮಸಿ ಹರಡಿ, ಕಾಡಿನ ಜಾಗದಲ್ಲಿ ಬಾಣಲೆಯ ತಳದ ಮಸಿಯಂಥ ಒಂದು ಕಪ್ಪು ಕೂತಿತ್ತು.

ಮೊದಲು ಬೆಳಕನ್ನು ಕಟ್ಟಿಹಾಕಿದೆ. ಸೂರ್ಯ ಪಡುವಣದಲ್ಲಿ, ಕಾಡಿನ ಹಿಂದೆ ಎಂದು ತೀರ್ಮಾನಿಸಿ ಹಾಳೆಯಂಚಿನಲ್ಲಿ ಪೆನ್ಸಿಲಿನಿಂದ ಒಂದು ಬಾಣ ಬರೆದಿಟ್ಟೆ. ಇನ್ನು ಎಲ್ಲ ನೆರಳೂ ಮೂಡಣಕ್ಕೇ ಬೀಳಬೇಕು. ಹತ್ತಿರದ್ದಕ್ಕೆ ದಪ್ಪ ನಿಬ್ಬು, ನಡುವಿನದಕ್ಕೆ ಸಾಧಾರಣ, ದೂರದ್ದಕ್ಕೆ ಕೂದಲಿನಂಥದ್ದು. ಪ್ರತಿ ಗೆರೆಯೂ ನನ್ನ ಕಡೆಗೇ ಬರುವಂತೆ ಹಾಳೆಯನ್ನು ತಿರುಗಿಸಿಕೊಳ್ಳುತ್ತ, ಭುಜದಿಂದ ಎಳೆಯುವುದನ್ನು ಹಳೆಯ ಕ್ಯಾಲೆಂಡರುಗಳ ಬೆನ್ನ ಮೇಲೆ ಅಭ್ಯಾಸ ಮಾಡಿದೆ. ಮನೆಗಳು ಎದ್ದು ನಿಂತವು. ಬಾವಿ ಆಳವಾಯಿತು. ಕಾಡು ಮಾತ್ರ ಹಾಗೇ ಸತ್ತು ಬಿದ್ದಿತ್ತು.

ಕಾಲೇಜಿನಲ್ಲಿ ಜೊತೆಗಿದ್ದ ಗೆಳತಿಯೊಬ್ಬಳನ್ನು ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಗೆ ಕೊಟ್ಟಿದ್ದರು. ಅವಳೊಡನೆ ಫೋನಿನಲ್ಲಿ ಗೋಳಾಡಿದಾಗ, ಕಾಡಿನಂಚು ನೋಡಬೇಕಾದರೆ ನಮ್ಮನೆ ತಾರಸಿ ಹತ್ತು ಬಾರೇ ಎಂದು ಕರೆದಳು. ಗಂಡ ಲಾರಿ ಓಡಿಸುವುದರಿಂದ ಮನೆಯಲ್ಲಿ ಹೆಚ್ಚಾಗಿ ಅವಳು, ಅತ್ತೆ, ಮಾವ ಮಾತ್ರ. ನಾನು ಹಾಳೆಗಳನ್ನು ಪಿವಿಸಿ ಪೈಪಿನೊಳಗೆ ಸುತ್ತಿಕೊಂಡು ಕೋಟೆ ಬಸ್ ಹತ್ತಿದೆ.

ತಾರಸಿಯಿಂದ ಕಾಣುತ್ತಿದ್ದುದು ಇಷ್ಟು: ಮನೆಯ ಹಿಂದೆ ಅವರ ಹತ್ತಿಯ ಹೊಲ, ಹೊಲದ ಕೊನೆಯಲ್ಲಿ ಪಂಪ್‌ಸೆಟ್ಟಿನ ಪುಟ್ಟ ಮನೆ, ಅಲ್ಲಿಗೆ ಹೋಗುವ ಕಾಲುದಾರಿ, ದಾರಿಯ ಉದ್ದಕ್ಕೂ ಒಂದು ಮಗ್ಗುಲಿಗೆ ಲಂಟಾನದ ಪೊದೆಬೇಲಿ. ಅದರಾಚೆ ಆನೆ ಬಾರದಂತೆ ತೋಡಿದ ಕಂದಕ, ಕಂದಕದಾಚೆ ಕಾಡು. ಕಾಡು ಪಡುವಣಕ್ಕಿತ್ತು. ಮಧ್ಯಾಹ್ನ ಕಳೆದ ಮೇಲೆ ಸೂರ್ಯ ಅದರ ಹಿಂದಕ್ಕೆ ಜಾರಿ, ನಮಗೆ ಕಾಣುವ ಮಗ್ಗುಲೆಲ್ಲ ನೆರಳಾಗುತ್ತಿತ್ತು. ಥೇಟು ನನ್ನ ನಕ್ಷೆಯ ಬೆಳಕು. ದಿನವೂ ಅದೇ ಹೊತ್ತಿಗೆ ಕೂತು ಅದೇ ನೋಟವನ್ನು ಬರೆದೆ.

ಬರೆಯುತ್ತ ಬರೆಯುತ್ತ ಕಂಡದ್ದೆಂದರೆ, ಕಾಡಿಗೆ ಅಂಚುಗೆರೆಯೇ ಇಲ್ಲ. ಕಪ್ಪಿಗೆ ಕಪ್ಪು ತಗುಲುವ ಕಡೆ ಅಂಚು ಕಾಣೆಯಾಗುತ್ತದೆ. ಕಪ್ಪಿಗೆ ಬೆಳಕು ತಗುಲುವ ಕಡೆ ಮತ್ತೆ ಹುಟ್ಟುತ್ತದೆ. ನಾನು ಇಡೀ ಕಾಡಿಗೆ ಬೇಲಿ ಕಟ್ಟಿದ ಹಾಗೆ ಸುತ್ತಲೂ ಗೆರೆ ಎಳೆದಿದ್ದೆ. ಗೆರೆಯನ್ನು ಅಲ್ಲಲ್ಲಿ ಕಡಿಯತೊಡಗಿದೆ. ಕಡಿದ ಕಡೆಯೆಲ್ಲ ಮರಗಳು ಒಂದಿಷ್ಟು ಮುಂದಕ್ಕೆ ಬಂದಂತಾದವು. ಗೆಳತಿಯ ಅತ್ತೆ ಒಣಮೆಣಸಿನಕಾಯಿ ಹರವಲು ಮೇಲೆ ಬಂದವರು ಹಾಳೆ ನೋಡಿ, ನಮ್ಮ ಹೊಲವನ್ನೂ ಬರೆದಿದ್ದೀಯಲ್ಲವ್ವ ಎಂದು ನಕ್ಕರು.

ಆ ನಗು ಮಾರನೆಯ ಬೆಳಿಗ್ಗೆಯ ತನಕ ಮಾತ್ರ ಇತ್ತು. ಊರ ಕೊನೆಯ ಮನೆಯವರ ಕರುವನ್ನು ಹುಲಿ ಕೊಟ್ಟಿಗೆಯಿಂದಲೇ ಎಳೆದುಕೊಂಡು ಹೋಗಿತ್ತು. ಕಂದಕ ಕುಸಿದ ಕಡೆ ಹೆಜ್ಜೆಗುರುತು ಸಿಕ್ಕಿತು. ಫಾರೆಸ್ಟಿನವರ ಜೀಪು ಬೀದಿಬೀದಿ ಸುತ್ತಿ, ಒಬ್ಬೊಬ್ಬರೇ ಹೊಲಕ್ಕೆ ಹೋಗಬೇಡಿ, ಬಗ್ಗಿ ಕೆಲಸ ಮಾಡಬೇಡಿ, ಹೊತ್ತು ಮುಳುಗುವ ಮುಂಚೆ ಮನೆ ಸೇರಿ ಎಂದು ಮೈಕಿನಲ್ಲಿ ಕೂಗಿತು. ಬೀದಿಗಿಷ್ಟು ಎಂದು ಪಟಾಕಿ ಹಂಚಿದರು. ಅರಳಿದ ಹತ್ತಿ ಬಿಡಿಸುವವರಿಲ್ಲದೆ ಗಿಡದಲ್ಲೇ ಜೋತುಬಿತ್ತು. ಯಾರೂ ಅದರ ಹೆಸರು ಹೇಳುತ್ತಿರಲಿಲ್ಲ. "ಅದು" ಎನ್ನುತ್ತಿದ್ದರು, ಅಷ್ಟೆ.

ಹೊರಟುಬಿಡಬೇಕು ಎನಿಸಿತು. ಆದರೆ ಬರೀ ಕೈಯಲ್ಲಿ ಹುಣಸೂರಿಗೆ ಹೋದರೆ ಆ ನಕ್ಷೆ ನನ್ನ ಕೈತಪ್ಪುವುದು ಖಂಡಿತ. ಒಂದು ಭಯಕ್ಕೆ ಹೆದರಿ ಇನ್ನೊಂದು ಭಯದ ಹತ್ತಿರ ಉಳಿದುಕೊಂಡೆ.

ಅಂದು ಸಂಜೆ ನನ್ನಿಂದ ಒಂದು ಅನಾಹುತವಾಯಿತು. ಕಂದಕದ ಹತ್ತಿರ ಕಂದು ಬಣ್ಣದ್ದೇನೋ ಅಲುಗಾಡಿದಂತೆ ಕಂಡು ಕಿರುಚಿದೆ. ಜನ ದೊಣ್ಣೆ, ಪಟಾಕಿ ಹಿಡಿದು ಓಡಿ ಬಂದರು. ಒಬ್ಬರು ಅಜ್ಜಿ ಜಗುಲಿಯಿಂದ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ನೋಡಿದರೆ ಅದು ಯಾರೋ ಬೆದರುಬೊಂಬೆಗೆ ತೊಡಿಸಿದ್ದ ಹಳೆಯ ಗೋಣಿಚೀಲ. ಯಾರೂ ನಗಲಿಲ್ಲ, ನಕ್ಕಿದ್ದರೆ ಹಗುರವಾಗುತ್ತಿತ್ತು. ಪಕ್ಕದ ಮನೆಯ ಟ್ರ್ಯಾಕ್ಟರಿನವನು, ಪೇಟೆಯವರನ್ನು ತಾರಸಿ ಮೇಲೆ ಕೂರಿಸಿದರೆ ಇದೇ ಗತಿ ಎಂದು ನನಗೆ ಕೇಳಿಸುವ ಹಾಗೆಯೇ ಹೇಳಿ ಹೋದ. ಗೆಳತಿಯ ಮಾವ ಮಾತ್ರ ನನ್ನ ಮುಂದೆ ಒಂದು ಲೋಟ ನೀರು ತಂದಿಟ್ಟರು.

ಮಾರನೆಯ ದಿನ ಮತ್ತೆ ತಾರಸಿ ಹತ್ತಿದೆ. ಈ ಸಲ ನೋಟವನ್ನಲ್ಲ, ಬೇಲಿಯೊಂದನ್ನೇ ದೊಡ್ಡದಾಗಿ ಬರೆಯುವುದೆಂದುಕೊಂಡಿದ್ದೆ. ನೆರಳನ್ನು ಒಂದೇ ಏಟಿಗೆ ಕಪ್ಪು ಮಾಡದೆ ಪದರಪದರವಾಗಿ ಕಟ್ಟುವುದು ಹೇಗೆಂದು ಕಲಿಯಬೇಕಿತ್ತು. ಮೊದಲು ಇಡೀ ಪೊದೆಗೆ ಒಂದೇ ದಿಕ್ಕಿಗೆ ಓಡುವ ತೆಳು ಗೆರೆಗಳು. ಅವು ಒಣಗಿದ ಮೇಲೆ ಒಳಗಿನ ಸಂದುಗಳಿಗೆ ಮಾತ್ರ ಇನ್ನೊಂದು ಪದರ. ಮೂರನೆಯದು ಬುಡಕ್ಕೆ ಮಾತ್ರ. ಬಿಸಿಲು ಇಳಿಯುತ್ತಿತ್ತು. ಮಾವ ಮೋಟರಿನ ವೈರು ನೋಡಿ ಬರುತ್ತೇನೆಂದು ಹೊರಟರು. ಜೊತೆಗೆ ಯಾರನ್ನಾದರೂ ಕರೆದುಕೊಳ್ಳಿ ಎಂದು ಗೆಳತಿ ಹೇಳಿದ್ದಕ್ಕೆ, ಇನ್ನೂ ಬೆಳಕಿದೆಯಲ್ಲ ಎಂದರು. ಬೇಲಿಯ ಪಕ್ಕದಲ್ಲೇ ಅವರ ಬಿಳಿ ಅಂಗಿ ಹೋಗುವುದನ್ನು ನೋಡಿದೆ. ಪಂಪ್‌ಸೆಟ್ ಮನೆಯೊಳಗೆ ಹೋದರು. ನಾನು ಮತ್ತೆ ಹಾಳೆಗೆ ಬಗ್ಗಿದೆ.

ತಲೆ ಎತ್ತಿದಾಗ ಬೇಲಿಯ ಬುಡದಲ್ಲಿ, ನಾನು ಮೂರನೆಯ ಪದರ ಹಾಕಬೇಕಾಗಿದ್ದ ಜಾಗದಲ್ಲೇ, ಒಂದಿಷ್ಟು ಬಿಸಿಲು ಬಿದ್ದಿತ್ತು.

ಮೊದಲು ಅದನ್ನು ಬರೆಯಲೆಂದೇ ಹೋದೆ. ನಿಬ್ಬು ಅದ್ದಿ, ಅಷ್ಟು ಜಾಗವನ್ನು ಬಿಡಬೇಕೆಂದು ಲೆಕ್ಕ ಹಾಕಿದೆ. ಆಮೇಲೆ ಕೈ ತಾನೇ ನಿಂತಿತು. ಸೂರ್ಯ ಕಾಡಿನ ಹಿಂದಿದ್ದಾನೆ. ಬೇಲಿಯ ಈ ಮಗ್ಗುಲಿಗೆ ಈ ಹೊತ್ತಿನಲ್ಲಿ ಬಿಸಿಲು ಬೀಳುವುದು ಸಾಧ್ಯವೇ ಇಲ್ಲ. ಹಿಂದಿನ ದಿನಗಳ ಹಾಳೆಗಳನ್ನು ಎಳೆದು ನೋಡಿದೆ. ಎಲ್ಲದರಲ್ಲೂ ಅಲ್ಲಿ ಬರೀ ಕಪ್ಪು. ಮತ್ತೆ ನೋಡಿದೆ. ಒಣಹುಲ್ಲಿನ ಬಣ್ಣ, ಉದ್ದಕ್ಕೆ ಮಲಗಿದ ಆಕಾರ. ಪಂಪ್‌ಸೆಟ್ಟಿಗೂ ಮನೆಗೂ ನಡುವೆ, ದಾರಿಗೆ ಒತ್ತಿಕೊಂಡಂತೆ. ಅಲುಗಾಡುತ್ತಿರಲಿಲ್ಲ.

ನಿನ್ನೆಯ ಗೋಣಿಚೀಲ ನೆನಪಾಯಿತು. ಇದೂ ಒಣಗಿದ ಎಲೆಯೋ ಚೀಲವೋ ಆಗಿದ್ದರೆ? ಇನ್ನೊಮ್ಮೆ ಕಿರುಚಿದರೆ ಯಾರು ಬರುತ್ತಾರೆ? ಎಷ್ಟು ಹೊತ್ತು ಹಾಗೆ ಕೂತೆನೋ ತಿಳಿಯದು. ಆದರೆ ಬೆಳಕಿನ ಲೆಕ್ಕ ಮಾತ್ರ ಏನು ಮಾಡಿದರೂ ಕೂಡುತ್ತಿರಲಿಲ್ಲ. ಮೆಟ್ಟಿಲ ಬಳಿ ಹೋಗಿ ಗೆಳತಿಯನ್ನು ಮೆಲ್ಲಗೆ ಕರೆದು ಬೆರಳು ತೋರಿಸಿದೆ. ಅವಳಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಅವಳ ಉಗುರು ನನ್ನ ತೋಳಿಗೆ ನಾಟಿತು.

"ಕಿವಿ ಅಲ್ಲಾಡ್ತು ಕಣೇ" ಎಂದಳು.

ಅವಳು ಮಾವನಿಗೆ ಫೋನ್ ಮಾಡಿದಳು. ಅವರ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದಲ್ಲೇ ಹೊಡೆದುಕೊಂಡಿತು. ಅಷ್ಟರಲ್ಲಿ ಮಾವ ಪಂಪ್‌ಸೆಟ್ ಮನೆಯಿಂದ ಹೊರಗೆ ಬಂದರು. ಒಳಗೇ ಇರಿ ಎಂದು ಹೇಳಬೇಕಿತ್ತು. ಕೂಗಿದರೆ ಕೇಳದಷ್ಟು ದೂರ. ನಾನು ದುಪಟ್ಟಾ ತೆಗೆದು ಎರಡೂ ಕೈಯಲ್ಲಿ ಬೀಸಿದೆ, ಹಿಂದಕ್ಕೆ ಹೋಗಿ ಎನ್ನುವಂತೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ಮನೆಯಿಂದ ಕರೆಯುತ್ತಿದ್ದಾರೆ ಎಂದುಕೊಂಡರೇನೋ, ದಾಪುಗಾಲು ಹಾಕಿ ಬೇಲಿಯ ದಾರಿಯಲ್ಲೇ ಮನೆ ಕಡೆಗೆ ಹೊರಟರು.

ನನ್ನ ಕೈಯಿಂದಲೇ ಅವರನ್ನು ಅದರ ಹತ್ತಿರಕ್ಕೆ ಎಳೆಯುತ್ತಿದ್ದೆ. ಇನ್ನೂ ಜೋರಾಗಿ ಬೀಸಿದರೆ ಅವರು ಇನ್ನೂ ಬೇಗ ಬರುತ್ತಾರೆ. ಏನು ಮಾಡಬೇಕೆಂದು ಯೋಚಿಸಿ ಮಾಡಿದ್ದಲ್ಲ. ಗೆಳತಿಯ ಕೈ ಹಿಡಿದೆಳೆದು ಇಬ್ಬರೂ ತಾರಸಿಯ ಗೋಡೆಯ ಮರೆಗೆ ಕೂತುಬಿಟ್ಟೆವು. ಕರೆಯುವವರು ಕಾಣದಿದ್ದರೆ ಬರುವವನು ನಿಲ್ಲುತ್ತಾನೆ. ಗೋಡೆಯ ಬುಡದಲ್ಲಿ ಮಳೆನೀರು ಹೋಗುವ ತೂತಿನಿಂದ ನೋಡಿದೆ. ಮಾವ ನಿಂತರು. ತಾರಸಿ ಕಡೆ ನೋಡಿದರು. ಮುಂದೆ ಬರಲೋ ಬೇಡವೋ ಎಂದು ಕಾಲು ಬದಲಿಸಿದರು. ಅವರಿಗೂ ಆ ಹುಲ್ಲು ಬಣ್ಣಕ್ಕೂ ನಡುವೆ ಹತ್ತಿಯ ನಾಲ್ಕಾರು ಸಾಲು ಮಾತ್ರ ಉಳಿದಿತ್ತು.

ಗೆಳತಿ ಕೂತಲ್ಲಿಂದಲೇ ಪಕ್ಕದ ಮನೆಯ ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿದಳು. ಹಿಂದಿನ ದಿನ ನನ್ನನ್ನು ಆಡಿಕೊಂಡವನು ಅವನೇ. ಅವನು ಏನೋ ಕೇಳಿರಬೇಕು. "ನಾನೇ ನೋಡ್ದೆ ಕಣಣ್ಣ. ಬಂಡಿದಾರೀಲಿ ಓಗಿ ಮಾವನ್ನ ಅತ್ತಿಸ್ಕೊ. ಪಟಾಕಿ ಅಚ್ಬ್ಯಾಡ, ಅದು ಅವ್ರ ಮೇಲೇ ಓಡ್ಬುಟ್ಟಾತು" ಎಂದಳು.

ಟ್ರ್ಯಾಕ್ಟರು ಹೊರಟ ಸದ್ದು ಕೇಳಿತು. ಊರಾಚೆಯ ಬಂಡಿದಾರಿ ಸುತ್ತಿ ಅದು ಹೊಲದ ಆ ಕೊನೆಗೆ ಬರುವ ತನಕ ಮಾವ ನಿಂತೇ ಇದ್ದರು. ಒಮ್ಮೆ ಬಗ್ಗಿ ಕಾಲಿನ ಮುಳ್ಳು ತೆಗೆದರು. ಬಗ್ಗಬೇಡಿ, ಬಗ್ಗಬೇಡಿ ಎಂದು ನಾನು ಕಾಂಕ್ರೀಟಿಗೆ ಹಣೆ ಒತ್ತಿ ಹೇಳಿಕೊಳ್ಳುತ್ತಿದ್ದೆ. ಕೊನೆಗೂ ಟ್ರ್ಯಾಕ್ಟರು ಹತ್ತಿಗಿಡಗಳ ಮೇಲೆಯೇ ನುಗ್ಗಿ ಅವರ ಬೆನ್ನಿಗೆ ಬಂದು ನಿಂತಿತು. ಅವನು ಕೈ ಚಾಚಿದ. ಮಾವ ಮಡ್‌ಗಾರ್ಡಿನ ಮೇಲೆ ಹತ್ತಿದರು. ಆಗ ಬೇಲಿಯ ಬುಡದ ಆ ಬಣ್ಣ ಎದ್ದು ನಿಂತಿತು. ಓಡಲಿಲ್ಲ. ಎಂಜಿನ್ ಸದ್ದಿನ ಕಡೆ ಒಮ್ಮೆ ತಲೆ ತಿರುಗಿಸಿ, ಪೊದೆಯ ಸಂದಿಯಲ್ಲಿ ನುಸುಳಿ ಕಂದಕದ ಕಡೆಗೆ ಹೋಯಿತು. ಅಷ್ಟು ದೊಡ್ಡ ಮೈ ಒಳಗೆ ಹೋದರೂ ಒಂದು ಎಲೆ ಅಲುಗಾಡಿದ್ದನ್ನು ನಾನು ನೋಡಲಿಲ್ಲ.

ಫಾರೆಸ್ಟಿನವರು ಬಂದು ಜಾಗ ನೋಡಿದರು. ಹುಲ್ಲು ಒತ್ತಿ ಮಲಗಿದ ಗುರುತು ಹೊಸದಲ್ಲ, ಮಧ್ಯಾಹ್ನದಿಂದಲೂ ಅಲ್ಲೇ ಇತ್ತು ಎಂದು ಗಾರ್ಡು ಹೇಳಿದ. ಅಂದರೆ ಮಾವ ಹೋಗುವಾಗ ಅದರ ಪಕ್ಕದಲ್ಲೇ, ಒಂದು ಮಾರು ದೂರದಲ್ಲಿ ನಡೆದು ಹೋಗಿದ್ದರು. ಆಗ ಅದು ನೆರಳಿನೊಳಗೆ ಇನ್ನೂ ಒಳಕ್ಕಿತ್ತೇನೋ, ನನಗೂ ಕಂಡಿರಲಿಲ್ಲ. ಮಾವ ಅದನ್ನು ಕೇಳಿಸಿಕೊಂಡು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ರಾತ್ರಿ ಊಟಕ್ಕೆ ಏಳಲಿಲ್ಲ. ಮುಂದೆ ಸಾಕಾನೆ ತಂದು, ಬೋನಿಟ್ಟು ಹುಡುಕಿದರು. ಕೊನೆಗೆ ಬೇರೆ ಊರಿನ ಹತ್ತಿರ ಒಂದು ಹುಲಿ ಸಿಕ್ಕಿತಂತೆ. ಅದೇ ಇದೋ, ಇದು ಬೇರೆಯೋ ಯಾರಿಗೆ ಗೊತ್ತು.

ಹುಣಸೂರಿಗೆ ಬಂದ ಮೇಲೆ ಕೆಲವು ದಿನ ಪೆನ್ನು ಹಿಡಿಯಲಾಗಲಿಲ್ಲ. ಅಂಗಡಿಯಲ್ಲಿ ಹಲಗೆಗಳ ಹಿಂದೆ ಬಿದ್ದ ನೆರಳನ್ನು ನೋಡಿದರೂ ಅದರ ಬುಡದಲ್ಲಿ ಕಣ್ಣು ಹುಡುಕುತ್ತಿತ್ತು. ಅಮ್ಮಿ ನನ್ನ ತಲೆಯ ಮೇಲೆ ಕೈಯಿಟ್ಟು ದುವಾ ಓದಿ ಊದಿದಳು. ಸಂಪಾದಕಿಯ ಫೋನನ್ನು ಎರಡು ಸಲ ಎತ್ತಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಹೊಸ ಹಾಳೆಯನ್ನು ಹಲಗೆಗೆ ಅಂಟಿಸಿ ಕೂತೆ. ಅಷ್ಟು ದಿನ ಕಾಡಿಗೆ ಕಪ್ಪು ಸಾಲದೆಂದು ಸುರಿಯುತ್ತಿದ್ದೆ. ಈ ಸಲ ಕಪ್ಪನ್ನು ಕಡಿಮೆ ಮಾಡುವುದೆಂದು ತೀರ್ಮಾನಿಸಿದೆ. ಇಡೀ ಕಾಡಿಗೆ ಒಂದೇ ಓಟದ ತೆಳು ಗೆರೆ. ಗೆರೆಯ ಓಟ ನೆಲದ ಇಳಿಜಾರಿನಂತೆ. ಒಣಗಲು ಬಿಟ್ಟು, ಎರಡನೆಯ ಪದರವನ್ನು ಸಂದುಗಳಿಗೆ. ಮೂರನೆಯದನ್ನು ಅಂಚಿನ ಬುಡಕ್ಕೆ ಮಾತ್ರ. ಅಂಚುಗೆರೆಯನ್ನು ಅಲ್ಲಲ್ಲಿ ಕಡಿದೆ. ಶಾಲೆಯ ದಾರಿಯ ಪಕ್ಕ ಬಂದಾಗ, ಮೂರು ಪದರದ ನಡುವೆ ಹುರುಳಿಕಾಳಿನಷ್ಟು ಜಾಗವನ್ನು ಗೆರೆ ತಗುಲದಂತೆ ಬಿಟ್ಟೆ. ಸುತ್ತಲಿನ ಗೆರೆಗಳು ಅದರ ಬಳಿ ಬಂದು ನಿಂತವು. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಬರೀ ಕಾಗದ. ಬೆಳಕು ಕಾಡಿನ ಹಿಂದಿದೆ, ಅಲ್ಲಿಗೆ ಬೆಳಕು ಬೀಳಲಾರದು. ಬರೆದು ಮುಗಿಸಿ ಕುರ್ಚಿಯ ಮೇಲೆ ನಿಂತು ನೋಡಿದೆ. ಹೆಚ್ಚು ಹೊತ್ತು ನೋಡಲಾಗಲಿಲ್ಲ.

ಹಾಳೆ ಇನ್ನೂ ಮೇಜಿನ ಮೇಲಿದ್ದಾಗಲೇ ಗೆಳತಿಯ ಮಾವ ಬಂದರು. ಕೊಟ್ಟಿಗೆಗೆ ಗಟ್ಟಿ ಬಾಗಿಲು ಬೇಕೆಂದು ಅಬ್ಬಾನ ಹತ್ತಿರ ಹೇಳಿ ಮಾಡಿಸಲು ಬಂದಿದ್ದರು. ಅಳತೆಯ ಮಾತು ಮುಗಿದ ಮೇಲೆ ಚಹಾ ಕುಡಿಯಲು ಒಳಗೆ ಕರೆದೆ. ಲೋಟ ಹಿಡಿದುಕೊಂಡೇ ನಕ್ಷೆಯ ಮೇಲೆ ಬಗ್ಗಿದರು. ಬಾವಿ, ಗಾಣ, ಮನೆಗಳು ಎಂದು ಒಂದೊಂದನ್ನೇ ಗುರುತಿಸುತ್ತ ಬಂದು ದಾರಿಯ ಪಕ್ಕದಲ್ಲಿ ಅವರ ಬೆರಳು ನಿಂತಿತು. ನಾನು ಆ ಜಾಗದ ಬಗ್ಗೆ ಯಾರಿಗೂ ಹೇಳಿರಲಿಲ್ಲ.

"ಇಲ್ಲೇನವ್ವ ಐತೆ?" ಎಂದರು.

"ಏನೂ ಇಲ್ಲ ಮಾವ. ಅಲ್ಲಿ ನಾನು ಬರೆದೇ ಇಲ್ಲ."

"ಐತೆ" ಎಂದರು. ಲೋಟವನ್ನು ಕೆಳಗಿಟ್ಟರು. ಈ ದಾರಿಯಲ್ಲಿ ಯಾರು ಓಡಾಡುತ್ತಾರೆ ಎಂದು ಕೇಳಿದರು. ಶಾಲೆಗೆ ಹೋಗುವ ಮಕ್ಕಳು ಎಂದೆ. ಇದು ಇಲ್ಲದ ಊರು, ಕಥೆಯ ಮಕ್ಕಳು ಎಂದೂ ಹೇಳಿದೆ. ಅವರು ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

"ಕತೇಲಿರೋರೇ ಆಗ್ಲಿ ಕಣವ್ವ, ಮಕ್ಳು ಅಲ್ವಾ. ಈ ದಾರಿ ಬ್ಯಾಡ. ಬಾವಿ ಕಡೆಯಿಂದ ಸುತ್ತಾಕಿಸ್ಬುಡು."

ಅವರು ಹೋದ ಮೇಲೆ ಹೊಸ ಬ್ಲೇಡು ತಂದೆ. ಮಸಿಯ ಗೆರೆ ಅಳಿಸಲು ಬರುವುದಿಲ್ಲ, ಕೆರೆಯಬೇಕು. ಬ್ಲೇಡನ್ನು ಓರೆಯಾಗಿ ಹಿಡಿದು, ಉಸಿರು ಬಿಗಿಹಿಡಿದು, ಕಾಗದ ಹರಿಯದಂತೆ ಕಾಡಿನಂಚಿನ ಕಾಲುದಾರಿಯನ್ನು ಅಷ್ಟಷ್ಟೇ ಕೆರೆದು ತೆಗೆದೆ. ಎದ್ದ ಎಳೆಗಳನ್ನು ಚಮಚದ ಬೆನ್ನಿನಿಂದ ಉಜ್ಜಿ ಕೂರಿಸಿದೆ. ಆಮೇಲೆ ಬಾವಿಯ ಪಕ್ಕದಿಂದ ಮನೆಗಳ ಹಿಂದೆ ಸುತ್ತಿ ಶಾಲೆಗೆ ಹೋಗುವ ಹೊಸ ದಾರಿಯನ್ನು ಎಳೆದೆ. ಆ ಗೆರೆ ಎಳೆಯುವಾಗ ಕೈ ಸಡಿಲವಾಗಿತ್ತು.

ಸಂಪಾದಕಿ ನಕ್ಷೆ ಕೈಸೇರಿದ ದಿನವೇ ಫೋನ್ ಮಾಡಿದರು. ಕಾಡಿನ ಬಗ್ಗೆ ಏನೂ ಹೇಳಲಿಲ್ಲ. ಹಾಳೆಯನ್ನು ಮಗುಚಿ ಇಟ್ಟಿದ್ದೇನೆ ಎಂದಷ್ಟೇ ಅಂದರು. ಆಮೇಲೆ, ಕಥೆಯಲ್ಲಿ ದಾರಿ ಕಾಡಿನ ಪಕ್ಕದಲ್ಲಿದೆಯಲ್ಲ, ನೀವು ಯಾಕೆ ಬದಲಾಯಿಸಿದಿರಿ ಎಂದು ಕೇಳಿದರು.

ಆ ಊರಿನವರು ಈಗ ಹಾಗೇ ಓಡಾಡುವುದು ಎಂದೆ.

ಕಥೆ ಬರೆದವರು ನಕ್ಷೆ ನೋಡಿ ಒಂದು ಅಧ್ಯಾಯವನ್ನು ತಿದ್ದಿಕೊಟ್ಟರಂತೆ. ಅಚ್ಚಾದ ಪುಸ್ತಕದಲ್ಲಿ ಮಕ್ಕಳು ಬಾವಿಯ ಹತ್ತಿರ ಗುಂಪು ಸೇರಿ ಸುತ್ತುದಾರಿಯಲ್ಲೇ ಶಾಲೆಗೆ ಹೋಗುತ್ತಾರೆ.